ನರಮೇಧ ನಡೆದೇ ಇಲ್ಲ ಎಂದರೆ ಜೈಲು: ಈ ಕಾನೂನು ಕಾಯುವುದು ಯಾರನ್ನು?

ಕಾಂಬೋಡಿಯಾದ ಸಂಸತ್ತು 2025ರ ಫೆಬ್ರವರಿಯಲ್ಲಿ ಒಂದು ಹೊಸ ಕಾನೂನಿಗೆ ಒಪ್ಪಿಗೆ ಕೊಟ್ಟಿತು. ದೇಶವನ್ನು ಆಳಿದ್ದ ಕಮ್ಯುನಿಸ್ಟ್ ಗುಂಪು ಖ್ಮೇರ್ ರೂಜ್ ಕಾಲದ ಅಪರಾಧಗಳು ನಡೆದೇ ಇಲ್ಲ ಎಂದವರಿಗೆ, ಅವುಗಳನ್ನು ಸರಿ ಎಂದು ವಾದಿಸಿದವರಿಗೆ ಒಂದರಿಂದ ಐದು ವರ್ಷ ಜೈಲು. ಜೊತೆಗೆ 5 ಕೋಟಿ ರಿಯೆಲ್‌ವರೆಗೆ ದಂಡ. 1975ರಿಂದ 1979ರವರೆಗಿನ ಆ ಆಳ್ವಿಕೆಯಲ್ಲಿ ಹಸಿವು, ರೋಗ, ಬಲವಂತದ ದುಡಿತ ಮತ್ತು ಕೊಲೆಗೆ ಸುಮಾರು 17 ಲಕ್ಷ ಜನ ಬಲಿಯಾದರು. ಅದನ್ನು ಕಣ್ಣಾರೆ ಕಂಡವರು, ಮನೆಯವರನ್ನೆಲ್ಲ ಕಳೆದುಕೊಂಡವರು ಇನ್ನೂ ಬದುಕಿದ್ದಾರೆ. ಅವರ ಎದುರಿಗೇ ನಿಂತು ‘ಅದೆಲ್ಲ ಕಟ್ಟುಕತೆ’ ಎನ್ನುವವನಿಗೆ ಶಿಕ್ಷೆಯಾದರೆ ತಪ್ಪೇನು?

ಆದರೂ ಮಾನವ ಹಕ್ಕುಗಳ ಪರ ಕೆಲಸ ಮಾಡುವವರೇ ಈ ಕಾನೂನಿನ ಬಗ್ಗೆ ಆತಂಕ ಹೇಳಿಕೊಂಡರು. ಇಲ್ಲೇ ಗೊಂದಲ ಶುರುವಾಗುವುದು. ಜರ್ಮನಿಯಲ್ಲಿ ಇಂಥದೇ ಕಾನೂನು ದಶಕಗಳಿಂದ ಇದೆ, ಅದನ್ನು ಹೊಗಳುವವರೇ ಜಾಸ್ತಿ. ಅಮೆರಿಕದಲ್ಲಿ ಇಂಥ ಕಾನೂನು ತರಲು ಸಾಧ್ಯವೇ ಇಲ್ಲ. 1915ರಲ್ಲಿ ಇಂದಿನ ಟರ್ಕಿಯಿದ್ದ ಒಟ್ಟೊಮನ್ ಸಾಮ್ರಾಜ್ಯದಲ್ಲಿ ನಡೆದ ಅರ್ಮೇನಿಯನ್ನರ ಹತ್ಯೆ ನರಮೇಧವಲ್ಲ ಎಂದು ಸ್ವಿಟ್ಜರ್ಲೆಂಡ್‌ನಲ್ಲಿ ಹೇಳಿದವರೊಬ್ಬರಿಗೆ ಶಿಕ್ಷೆಯಾಯಿತು. ಟರ್ಕಿಯಲ್ಲಿ ಅದು ನರಮೇಧವೇ ಎಂದವರು ಕೋರ್ಟು ಹತ್ತಬೇಕಾಯಿತು. ಹಾಗಾದರೆ ಸರಿ ಯಾವುದು?

ಕಾನೂನಿನ ಪದಗಳನ್ನು ಮಾತ್ರ ಓದಿದರೆ ಉತ್ತರ ಸಿಗುವುದಿಲ್ಲ. ಆ ಕಾನೂನು ಯಾರ ಬಾಯಿ ಮುಚ್ಚಿಸುತ್ತದೆ ಎಂದು ನೋಡಬೇಕು. ಆಳುವವರ ತಪ್ಪನ್ನು ಮುಚ್ಚುವವರ ಬಾಯಿಯನ್ನೋ, ಅದನ್ನು ಎತ್ತಿ ತೋರಿಸುವವರ ಬಾಯಿಯನ್ನೋ?

ಜರ್ಮನಿ ತನ್ನ ಕೈಯನ್ನೇ ಕಟ್ಟಿಕೊಂಡದ್ದು

ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಹೋಲೊಕಾಸ್ಟ್ ಎನ್ನುವುದು ಇದನ್ನೇ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಇದೆಲ್ಲ ಸುಳ್ಳು ಎನ್ನುವ ಬರಹಗಳೂ ಹುಟ್ಟಿಕೊಂಡವು. ಗ್ಯಾಸ್ ಕೋಣೆಗಳೇ ಇರಲಿಲ್ಲ, ಸತ್ತವರು ರೋಗದಿಂದ ಸತ್ತರು, ಲೆಕ್ಕ ಉಬ್ಬಿಸಿದ್ದು – ವಾದಗಳು ಹೀಗೆ ಸಾಗಿದವು. 1970 ಮತ್ತು 80ರ ದಶಕದಲ್ಲಿ ಇವು ಸಂಶೋಧನೆಯ ವೇಷ ಹಾಕಿಕೊಂಡು ಬಂದವು. ಅಡಿಟಿಪ್ಪಣಿ ಇತ್ತು, ಸಮ್ಮೇಳನ ಇತ್ತು, ಪ್ರೊಫೆಸರುಗಳೂ ಇದ್ದರು. ಅದಕ್ಕೆ ಎದುರಾಗಿ 1990ರಲ್ಲಿ ಫ್ರಾನ್ಸ್, ಇಂಥ ನಿರಾಕರಣೆಯನ್ನು ಅಪರಾಧ ಮಾಡುವ ಗೇಸೊ ಕಾನೂನು ತಂದಿತು. 1994ರಲ್ಲಿ ಜರ್ಮನಿ ತನ್ನ ದಂಡಸಂಹಿತೆಯ 130ನೇ ಕಲಮಿಗೆ ಹೊಸ ಭಾಗ ಸೇರಿಸಿತು. ಸಾರ್ವಜನಿಕ ಶಾಂತಿ ಕೆಡುವಂಥ ರೀತಿಯಲ್ಲಿ ಹೋಲೊಕಾಸ್ಟ್ ಅನ್ನು ಅಲ್ಲಗಳೆದರೆ ಐದು ವರ್ಷದವರೆಗೆ ಜೈಲು.

ಅದೇ ವರ್ಷ ಜರ್ಮನಿಯ ಸಂವಿಧಾನ ನ್ಯಾಯಾಲಯದ ಮುಂದೆ ಒಂದು ಪ್ರಕರಣದ ತೀರ್ಪು ಬಂತು. ಬ್ರಿಟನ್ನಿನ ಲೇಖಕ ಡೇವಿಡ್ ಇರ್ವಿಂಗ್ ಮಾತಾಡಬೇಕಿದ್ದ ಸಭೆಯೊಂದರಲ್ಲಿ ಹೋಲೊಕಾಸ್ಟ್ ನಿರಾಕರಣೆಗೆ ಅವಕಾಶ ಕೊಡಬಾರದು ಎಂದು ಅಧಿಕಾರಿಗಳು ಷರತ್ತು ಹಾಕಿದ್ದರು. ನ್ಯಾಯಾಲಯ ಆ ಷರತ್ತನ್ನು ಎತ್ತಿಹಿಡಿಯಿತು. ಅದರ ತರ್ಕ ಸರಳ. ಅಭಿಪ್ರಾಯ ಬೇರೆ, ಸಂಗತಿ ಬೇರೆ. ‘ಯುದ್ಧಕ್ಕೆ ಕಾರಣ ಯಾರು’ ಎಂಬುದು ಅಭಿಪ್ರಾಯದ ವಿಷಯ, ಅಲ್ಲಿ ಎಷ್ಟು ಬೇಕಾದರೂ ಜಗಳವಾಡಬಹುದು. ‘ಯಹೂದಿಗಳ ಸಾಮೂಹಿಕ ಹತ್ಯೆ ನಡೆಯಲಿಲ್ಲ’ ಎಂಬುದು ಸಂಗತಿಯ ಬಗೆಗಿನ ಮಾತು. ಸಾಕ್ಷಿಗಳು, ದಾಖಲೆಗಳು, ಕೋರ್ಟಿನ ತೀರ್ಪುಗಳು ಅದನ್ನು ಸುಳ್ಳೆಂದು ಸಾಬೀತು ಮಾಡಿವೆ. ಗೊತ್ತಿರುವ ಸುಳ್ಳಿನಿಂದ ಯಾರ ಅಭಿಪ್ರಾಯವೂ ಬೆಳೆಯುವುದಿಲ್ಲ. ಹಾಗಾಗಿ ಅದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ.

ಬರೀ ಸುಳ್ಳು ಎಂಬ ಕಾರಣಕ್ಕೇ ಶಿಕ್ಷೆ ಕೊಡುವುದಾದರೆ ಭೂಮಿ ಚಪ್ಪಟೆ ಎನ್ನುವವರನ್ನೂ ಜೈಲಿಗೆ ಹಾಕಬೇಕಾಗುತ್ತದೆ, ಅಲ್ವಾ? ಆದ್ದರಿಂದ ಇನ್ನೊಂದು ಕೊಂಡಿಯನ್ನೂ ನೋಡಬೇಕು. ಹೋಲೊಕಾಸ್ಟ್ ನಡೆಯಲಿಲ್ಲ ಎಂದರೆ, ಲಕ್ಷಾಂತರ ಸಾಕ್ಷಿಗಳು ಒಟ್ಟಾಗಿ ಸುಳ್ಳು ಹೇಳುತ್ತಿದ್ದಾರೆ ಎಂದೇ ಅರ್ಥ. ಯಾಕೆ ಹೇಳುತ್ತಾರೆ? ಪರಿಹಾರದ ಹಣಕ್ಕೆ, ಕನಿಕರಕ್ಕೆ, ಅಧಿಕಾರಕ್ಕೆ ಎಂಬ ಉತ್ತರ ನಿರಾಕರಣೆಯ ಒಳಗೇ ಅಡಗಿದೆ. ಯಹೂದಿಗಳು ಪಿತೂರಿಕೋರರು ಎಂಬ ಹಳೆಯ ದ್ವೇಷವೇ ಇತಿಹಾಸದ ಮಾತಾಗಿ ಮರಳಿ ಬಂದಂತೆ. ಅಂದರೆ ಮೇಲ್ನೋಟಕ್ಕೆ ಸತ್ತವರ ಬಗ್ಗೆ ಆಡಿದ ಮಾತು, ಅದು ಬಂದು ತಾಗುವುದು ಬದುಕಿರುವವರಿಗೆ.

ಮತ್ತೊಂದು ಅಂಶವನ್ನು ಎಷ್ಟೋ ಚರ್ಚೆಗಳು ಬಿಟ್ಟುಬಿಡುತ್ತವೆ. ಈ ಅಪರಾಧ ಮಾಡಿದ್ದು ಜರ್ಮನಿಯ ಸರ್ಕಾರವೇ. ಈ ಕಾನೂನು ಮಾಡಿದ್ದೂ ಜರ್ಮನಿಯೇ. ತನ್ನ ದೇಶದ ಕೈಗಂಟಿದ ರಕ್ತವನ್ನು ಯಾರೂ ಒರೆಸಿಹಾಕಬಾರದು ಎಂದು ಸರ್ಕಾರ ತನಗೆ ತಾನೇ ಬೇಲಿ ಹಾಕಿಕೊಂಡಿತು. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಇದನ್ನೇ ಇನ್ನೂ ಬಿಡಿಸಿ ಹೇಳಿತು. ನಾಜಿ ಆಡಳಿತದ ತದ್ವಿರುದ್ಧವಾಗಿಯೇ ಕಟ್ಟಿದ ದೇಶ ಇದು, ಹಾಗಾಗಿ ಆ ಆಡಳಿತದ ವೈಭವೀಕರಣದ ವಿಷಯದಲ್ಲಿ ಮಾತ್ರ ಸಾಮಾನ್ಯ ನಿಯಮಕ್ಕೆ ಒಂದು ವಿನಾಯಿತಿ ಇರಬಹುದು ಎಂದಿತು. ವಿನಾಯಿತಿ ಎಂಬುದನ್ನು ಗಮನಿಸಿ. ಎಲ್ಲರೂ ನಕಲು ಮಾಡಲಿ ಎಂದು ಕೊಟ್ಟ ಮಾದರಿ ಅದಲ್ಲ.

ಸರ್ಕಾರವನ್ನು ನಂಬದ ಅಮೆರಿಕ

ಅಮೆರಿಕದ ನಿಲುವು ಇದಕ್ಕೆ ಪೂರ್ತಿ ಎದುರು. 1969ರ ಬ್ರಾಂಡೆನ್‌ಬರ್ಗ್ ತೀರ್ಪಿನ ಪ್ರಕಾರ, ತಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವ, ಅದು ನಡೆದೇಬಿಡುವ ಸಾಧ್ಯತೆಯೂ ಇರುವ ಮಾತನ್ನು ಮಾತ್ರ ಸರ್ಕಾರ ಶಿಕ್ಷಿಸಬಹುದು. 1977ರಲ್ಲಿ ನವನಾಜಿಗಳ ಗುಂಪೊಂದು ಶಿಕಾಗೊ ಹತ್ತಿರದ ಸ್ಕೋಕಿಯಲ್ಲಿ ಮೆರವಣಿಗೆ ಮಾಡುತ್ತೇವೆ ಎಂದಿತು. ಹೋಲೊಕಾಸ್ಟ್‌ನಿಂದ ಬದುಕುಳಿದ ಬಹಳಷ್ಟು ಜನ ಅಲ್ಲಿ ನೆಲೆಸಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ನವನಾಜಿಗಳ ಪರವಾಗಿ ಕೋರ್ಟಿಗೆ ಹೋಯಿತು. ಅದರ ಸಾವಿರಾರು ಸದಸ್ಯರು ಸಿಟ್ಟಿನಿಂದ ಹೊರನಡೆದರು. ಮೆರವಣಿಗೆಯ ಹಕ್ಕು ಸಿಕ್ಕಿತು. ಕೊನೆಗೆ ಸ್ಕೋಕಿಯಲ್ಲಿ ಮೆರವಣಿಗೆ ನಡೆಯಲಿಲ್ಲ, ಆ ಮಾತು ಬೇರೆ.

ಈ ನಿಲುವಿನ ಹಿಂದಿರುವುದು ಸುಳ್ಳಿನ ಮೇಲಿನ ಪ್ರೀತಿಯಲ್ಲ, ಸರ್ಕಾರದ ಮೇಲಿನ ಅಪನಂಬಿಕೆ. ಇವತ್ತು ಒಂದು ಸುಳ್ಳನ್ನು ಶಿಕ್ಷಿಸುವ ಅಧಿಕಾರ ಕೊಟ್ಟರೆ, ನಾಳೆ ಯಾವುದು ಸುಳ್ಳು ಎಂದು ತೀರ್ಮಾನಿಸುವ ಅಧಿಕಾರವನ್ನೂ ಕೊಟ್ಟಂತೆಯೇ ಎಂಬುದು ಅಲ್ಲಿನ ಭಯ.

ಜೈಲಿಲ್ಲದೆ ಸೋತ ಸುಳ್ಳು

ಬ್ರಿಟನ್ನಿನಲ್ಲೂ ನಿರಾಕರಣೆಯ ವಿರುದ್ಧ ಪ್ರತ್ಯೇಕ ಕಾನೂನಿಲ್ಲ. ಅಲ್ಲಿ ನಡೆದದ್ದು ಮಾತ್ರ ನಿರಾಕರಣೆಗೆ ಬಿದ್ದ ಅತಿ ದೊಡ್ಡ ಪೆಟ್ಟುಗಳಲ್ಲೊಂದು. ಅಮೆರಿಕದ ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ತಮ್ಮ ಪುಸ್ತಕದಲ್ಲಿ ಡೇವಿಡ್ ಇರ್ವಿಂಗ್‌ನನ್ನು ಹೋಲೊಕಾಸ್ಟ್ ನಿರಾಕರಿಸುವವನು ಎಂದು ಕರೆದಿದ್ದರು. 1996ರಲ್ಲಿ ಇರ್ವಿಂಗ್ ಅವರ ಮೇಲೂ ಪ್ರಕಾಶಕರ ಮೇಲೂ ಮಾನಹಾನಿ ಮೊಕದ್ದಮೆ ಹೂಡಿದ. ಬ್ರಿಟನ್ನಿನ ಮಾನಹಾನಿ ಕಾನೂನಿನಲ್ಲಿ ತಾನು ಬರೆದದ್ದು ನಿಜ ಎಂದು ತೋರಿಸುವ ಹೊಣೆ ಬರೆದವರದ್ದು. ಹಾಗಾಗಿ ಲಿಪ್‌ಸ್ಟಾಟ್ ಪರ ವಕೀಲರು ಇತಿಹಾಸಕಾರ ರಿಚರ್ಡ್ ಇವಾನ್ಸ್ ಅವರನ್ನು ಕರೆತಂದರು. ಅವರು ಸಹಾಯಕರ ಜೊತೆ ಕೂತು ಇರ್ವಿಂಗ್ ಬರೆದದ್ದನ್ನು ಮೂಲ ದಾಖಲೆಗಳೊಂದಿಗೆ ಹೋಲಿಸಿ ನೋಡಿದರು. ಎಲ್ಲಿ ತಿರುಚಿದ್ದಾನೆ, ಎಲ್ಲಿ ಬೇಕಾದ್ದನ್ನು ಮಾತ್ರ ಆಯ್ದುಕೊಂಡಿದ್ದಾನೆ ಎಂದು ಒಂದೊಂದಾಗಿ ಹೊರತೆಗೆದರು. ಆ ತಪ್ಪುಗಳೆಲ್ಲ ಹಿಟ್ಲರನ ಪರವಾಗಿಯೇ ವಾಲಿದ್ದವು. ಅಕಸ್ಮಾತ್ತಾಗಿ ಆದ ತಪ್ಪುಗಳು ಯಾವಾಗಲೂ ಒಂದೇ ಕಡೆ ವಾಲುವುದಿಲ್ಲ. 2000ದ ಏಪ್ರಿಲ್ 11ರಂದು ನ್ಯಾಯಮೂರ್ತಿ ಚಾರ್ಲ್ಸ್ ಗ್ರೇ ತೀರ್ಪು ಕೊಟ್ಟರು. ಇರ್ವಿಂಗ್ ಸೋತ, ಮುಂದೆ ದಿವಾಳಿಯೂ ಆದ.

2005ರ ನವೆಂಬರಿನಲ್ಲಿ ಅದೇ ಇರ್ವಿಂಗ್, ಹೋಲೊಕಾಸ್ಟ್ ನಿರಾಕರಣೆ ಅಪರಾಧವಾಗಿರುವ ಆಸ್ಟ್ರಿಯಾದಲ್ಲಿ ಸಿಕ್ಕಿಬಿದ್ದ. 1989ರಲ್ಲಿ ಮಾಡಿದ ಭಾಷಣಗಳಿಗಾಗಿ 2006ರ ಫೆಬ್ರವರಿಯಲ್ಲಿ ಮೂರು ವರ್ಷ ಶಿಕ್ಷೆಯಾಯಿತು. ಆ ವರ್ಷದ ಕೊನೆಗೆ ಬಿಡುಗಡೆಯಾದ. ಲಂಡನ್ನಿನಲ್ಲಿ ಸುಳ್ಳುಗಾರ ಎನಿಸಿಕೊಂಡವನು ವಿಯೆನ್ನಾದಿಂದ ‘ಮಾತಿಗಾಗಿ ಜೈಲಿಗೆ ಹೋದವನು’ ಎಂಬ ಹೆಸರು ಹೊತ್ತು ಬಂದ. ಲಿಪ್‌ಸ್ಟಾಟ್ ಅವರೇ ಈ ಜೈಲು ಶಿಕ್ಷೆಯನ್ನು ಬೆಂಬಲಿಸಲಿಲ್ಲ.

ಹಾಗಂತ ಲಂಡನ್ ದಾರಿಯೇ ಸಾಕು ಎನ್ನುವುದೂ ಸುಲಭವಲ್ಲ. ಆ ಮೊಕದ್ದಮೆಗೆ ತಜ್ಞರ ತಂಡ, ವರ್ಷಗಳ ಕೆಲಸ, ಬೆಟ್ಟದಷ್ಟು ಹಣ ಬೇಕಾಯಿತು. ಪ್ರತಿ ಸುಳ್ಳಿಗೂ ಹೀಗೆ ಮಾಡಲಾಗುತ್ತದೆಯೇ? ಅದೂ ಅಲ್ಲದೆ ಈ ಮೊಕದ್ದಮೆ ಹೂಡಿದ್ದು ಸುಳ್ಳು ಹೇಳಿದವನೇ. ಅವನು ಸುಮ್ನೆ ಇದ್ದಿದ್ದರೆ ಆ ತೀರ್ಪೇ ಬರುತ್ತಿರಲಿಲ್ಲ.

ಯಾವ ನರಮೇಧಕ್ಕೆ ಕಾನೂನು, ಯಾವುದಕ್ಕಿಲ್ಲ

ಒಂದಕ್ಕೆ ಕಾನೂನಾದ ಮೇಲೆ ಉಳಿದವರು ‘ನಮ್ಮವರ ಸಾವು ಅಷ್ಟು ಅಗ್ಗವೇ’ ಎಂದು ಕೇಳಿಯೇ ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು. 2005ರಲ್ಲಿ ಟರ್ಕಿಯ ರಾಜಕಾರಣಿ ದೋಗು ಪೆರಿಂಚೆಕ್ ಸ್ವಿಟ್ಜರ್ಲೆಂಡ್‌ಗೆ ಬಂದು, ಅರ್ಮೇನಿಯನ್ ನರಮೇಧ ಎಂಬುದು ಅಂತರರಾಷ್ಟ್ರೀಯ ಸುಳ್ಳು ಎಂದರು. ಜನರನ್ನು ಹೊರಗಟ್ಟಿದ್ದು, ಕೊಲೆಗಳು ನಡೆದದ್ದು ಸುಳ್ಳೆಂದು ಅವರು ಹೇಳಲಿಲ್ಲ. ಅದನ್ನು ನರಮೇಧ ಎನ್ನಬಾರದು ಎಂಬುದು ಅವರ ವಾದ. ಸ್ವಿಸ್ ನ್ಯಾಯಾಲಯ 2007ರಲ್ಲಿ ದಂಡ ಹಾಕಿತು. ಪ್ರಕರಣ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಯಿತು. 2015ರ ಅಕ್ಟೋಬರ್ 15ರಂದು ಅದರ ದೊಡ್ಡ ಪೀಠ 10–7 ಮತಗಳಿಂದ ಪೆರಿಂಚೆಕ್ ಪರ ತೀರ್ಪು ಕೊಟ್ಟಿತು.

ಇದೇ ನ್ಯಾಯಾಲಯ ಹೋಲೊಕಾಸ್ಟ್ ನಿರಾಕರಣೆಯ ಶಿಕ್ಷೆಗಳನ್ನು ಎತ್ತಿಹಿಡಿದಿದೆ. ಹಾಗಾದರೆ ಇಲ್ಲಿ ಯಾಕೆ ಬೇರೆ? ನ್ಯಾಯಾಲಯ ಕೊಟ್ಟ ಕಾರಣಗಳು ಹೀಗಿದ್ದವು: ಆ ಮಾತಿನಲ್ಲಿ ಅರ್ಮೇನಿಯನ್ನರ ವಿರುದ್ಧ ದ್ವೇಷದ ಕರೆ ಇರಲಿಲ್ಲ, 1915ರ ಘಟನೆಗಳಿಗೂ ಸ್ವಿಟ್ಜರ್ಲೆಂಡ್‌ಗೂ ನೇರ ನಂಟಿಲ್ಲ, ನಡುವೆ ಸುಮಾರು 90 ವರ್ಷ ಕಳೆದಿದೆ. ನಾಜಿ ಭೀಕರತೆಯನ್ನು ಅನುಭವಿಸಿದ ದೇಶಗಳಲ್ಲಿ ಹೋಲೊಕಾಸ್ಟ್ ನಿರಾಕರಣೆ ಎಂದರೆ ಯಹೂದಿ ದ್ವೇಷವೇ ಎಂದು ಊಹಿಸಬಹುದು, ಇಲ್ಲಿ ಹಾಗೆ ಊಹಿಸಲಾಗದು ಎಂದಿತು. ಕಾನೂನಿನ ಲೆಕ್ಕದಲ್ಲಿ ಇದು ಒಪ್ಪುವಂಥ ತರ್ಕವೇ. ಆದರೆ ಅರ್ಮೇನಿಯನ್ ಕುಟುಂಬಗಳಿಗೆ ಅದು ಹೇಗೆ ಕೇಳಿಸಿರಬಹುದು? ಟರ್ಕಿಯಲ್ಲಿ ಇದೇ ವಿಷಯ ಬರೆದ ಅರ್ಮೇನಿಯನ್ ಮೂಲದ ಪತ್ರಕರ್ತ ಹ್ರಾಂಟ್ ಡಿಂಕ್ ಅವರಿಗೆ 2005ರಲ್ಲಿ ‘ಟರ್ಕಿತನಕ್ಕೆ ಅವಮಾನ’ ಮಾಡಿದ ಆರೋಪದ ಮೇಲೆ ಶಿಕ್ಷೆಯಾಗಿತ್ತು. 2007ರ ಜನವರಿ 19ರಂದು ಇಸ್ತಾಂಬುಲ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಫ್ರಾನ್ಸ್ ಕೂಡ ಅರ್ಮೇನಿಯನ್ ನರಮೇಧದ ನಿರಾಕರಣೆಯನ್ನು ಅಪರಾಧ ಮಾಡಲು ಹೊರಟಿತ್ತು. 2012ರ ಫೆಬ್ರವರಿಯಲ್ಲಿ ಅಲ್ಲಿನ ಸಂವಿಧಾನ ಮಂಡಳಿ ಆ ಕಾನೂನನ್ನು ರದ್ದು ಮಾಡಿತು. ಅದಕ್ಕೂ ಮೊದಲೇ, 2005ರಲ್ಲಿ, ಫ್ರಾನ್ಸಿನ ಹೆಸರಾಂತ ಇತಿಹಾಸಕಾರರು ಒಟ್ಟಾಗಿ ದನಿ ಎತ್ತಿದ್ದರು. ಇತಿಹಾಸ ಬರೆಯುವುದು ಸಂಸತ್ತಿನ ಕೆಲಸವಲ್ಲ ಎಂಬುದು ಅವರ ಮಾತು. ಅವರ ಸಿಟ್ಟಿಗೆ ಕಾರಣವೂ ಇತ್ತು. ಅದೇ ವರ್ಷ ಸಂಸತ್ತು, ವಸಾಹತು ಆಳ್ವಿಕೆಯ ‘ಒಳ್ಳೆಯ ಪಾತ್ರ’ವನ್ನು ಶಾಲೆಗಳಲ್ಲಿ ಕಲಿಸಬೇಕು ಎಂಬ ಸಾಲನ್ನು ಇನ್ನೊಂದು ಕಾನೂನಿನಲ್ಲಿ ಸೇರಿಸಿತ್ತು. ಗಲಾಟೆಯಾಗಿ ಮರುವರ್ಷ ಅದನ್ನು ತೆಗೆಯಬೇಕಾಯಿತು. ಒಂದು ನರಮೇಧದ ನೆನಪನ್ನು ಕಾಯಲು ಕಾನೂನು ಮಾಡಿದ ಸಂಸತ್ತೇ ವಸಾಹತು ಹಿಂಸೆಗೆ ಸುಣ್ಣ ಬಳಿಯಲೂ ಕಾನೂನು ಮಾಡಬಲ್ಲದು.

ಅದೇ ಕಾನೂನು, ಎದುರು ದಿಕ್ಕಿಗೆ

ರಷ್ಯಾ 2014ರಲ್ಲಿ ‘ನಾಜಿವಾದದ ಪುನರುಜ್ಜೀವನ’ದ ವಿರುದ್ಧ ಕಾನೂನು ತಂದಿತು. ಅದರ ಮೊದಲ ಭಾಗ ಓದಿದರೆ ಯುರೋಪಿನ ಕಾನೂನಿನಂತೆಯೇ ಇದೆ: ಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ ಸಾಬೀತು ಮಾಡಿದ ಸಂಗತಿಗಳನ್ನು ಅಲ್ಲಗಳೆಯುವಂತಿಲ್ಲ. ಅದರ ಬೆನ್ನಿಗೇ ಇನ್ನೊಂದು ಮಾತಿದೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಮಾಡಿದ್ದರ ಬಗ್ಗೆ ‘ಸುಳ್ಳು ಮಾಹಿತಿ’ ಹರಡುವುದೂ ಅಪರಾಧ. ವಿಷ ಇರುವುದು ಈ ಬಾಲದಲ್ಲಿ. 2016ರಲ್ಲಿ ಪೆರ್ಮ್ ನಗರದ ಒಬ್ಬ ವ್ಯಕ್ತಿಗೆ 2 ಲಕ್ಷ ರೂಬಲ್ ದಂಡ ಬಿತ್ತು. 1939ರಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ಸೇರಿ ಪೋಲೆಂಡ್ ಮೇಲೆ ದಾಳಿ ಮಾಡಿದವು ಎಂಬ ಬರಹವನ್ನು ಹಂಚಿಕೊಂಡದ್ದು ಅವರ ತಪ್ಪು. ಆ ವರ್ಷದ ಸೆಪ್ಟೆಂಬರ್ 1ರಂದು ಜರ್ಮನಿ, 17ರಂದು ಸೋವಿಯತ್ ಸೇನೆ ಪೋಲೆಂಡಿಗೆ ನುಗ್ಗಿದ್ದು ಶಾಲೆಯ ಪುಸ್ತಕಗಳಲ್ಲೇ ಇರುವ ಸಂಗತಿ. ಆದರೂ ರಷ್ಯಾದ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಸ್ಟಾಲಿನ್ ಕಾಲದ ಬಲಿಪಶುಗಳ ದಾಖಲೆ ಕಲೆಹಾಕುತ್ತಿದ್ದ ‘ಮೆಮೊರಿಯಲ್’ ಸಂಸ್ಥೆಯನ್ನು 2021ರ ಡಿಸೆಂಬರಿನಲ್ಲಿ ಮುಚ್ಚಿಸಿದ್ದೂ ಇದೇ ಕೋರ್ಟು.

2018ರಲ್ಲಿ ಪೋಲೆಂಡ್ ಒಂದು ಹೆಜ್ಜೆ ಹಾಗೆಯೇ ಇಟ್ಟಿತು. ನಾಜಿ ಅಪರಾಧಗಳಲ್ಲಿ ಪೋಲಿಷ್ ಜನತೆಗೆ ಪಾಲಿತ್ತು ಎಂದರೆ ಮೂರು ವರ್ಷದವರೆಗೆ ಜೈಲು ಎಂದಿತು. ಇಸ್ರೇಲ್, ಅಮೆರಿಕ ಸಿಟ್ಟಾದ ಮೇಲೆ ಕೆಲವೇ ತಿಂಗಳಲ್ಲಿ ಜೈಲಿನ ಭಾಗವನ್ನು ತೆಗೆಯಿತು. ಪೋಲೆಂಡ್ ನಾಜಿಗಳ ಕೈಯಲ್ಲಿ ನರಳಿದ ದೇಶವೇ, ಅದು ನಿಜ. ನೆರೆಯ ಯಹೂದಿಗಳನ್ನು ಹಿಡಿದುಕೊಟ್ಟ ಪೋಲಿಷರೂ ಇದ್ದರು, ಅದೂ ನಿಜ. ಮೊದಲನೆಯ ನಿಜವನ್ನು ಎರಡನೆಯದರ ಬಾಯಿಗೆ ಬೀಗವಾಗಿ ಬಳಸಲು ಹೊರಟದ್ದೇ ತೊಂದರೆ.

ರುವಾಂಡದ ಕತೆ ಇನ್ನೂ ಕಠಿಣ. 1994ರಲ್ಲಿ ಸುಮಾರು ನೂರು ದಿನಗಳಲ್ಲಿ ಅಲ್ಲಿ 8 ಲಕ್ಷ ಜನ ಸತ್ತರು, ಬಹುಪಾಲು ಅಲ್ಪಸಂಖ್ಯಾತ ತುತ್ಸಿಗಳು. ಕೊಂದವರು ಬಹುಸಂಖ್ಯಾತ ಹುಟು ಸಮುದಾಯದ ಉಗ್ರರು. ‘ಜಿರಳೆಗಳನ್ನು’ ಕೊಲ್ಲಿ ಎಂದು ರೇಡಿಯೊ ಕೂಗುತ್ತಿದ್ದ ದೇಶ ಅದು. ಮಾತು ಕೊಲ್ಲುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾನೂನು ಬೇಕು ಎನ್ನಲು ಅವರಷ್ಟು ಕಾರಣ ಇರುವವರು ಕಡಿಮೆ. ಆದರೆ ಅಲ್ಲಿನ ‘ನರಮೇಧದ ಸಿದ್ಧಾಂತ’ದ ಕಾನೂನು ಎಷ್ಟು ಸಡಿಲವಾಗಿತ್ತೆಂದರೆ ಅದರೊಳಗೆ ಏನು ಬೇಕಾದರೂ ಹಿಡಿಸುತ್ತಿತ್ತು. ವಿರೋಧ ಪಕ್ಷದ ನಾಯಕಿ ವಿಕ್ಟೊಯರ್ ಇಂಗಾಬಿರೆ 2010ರಲ್ಲಿ ಕಿಗಾಲಿಯ ಸ್ಮಾರಕದ ಬಳಿ ನಿಂತು, ಸತ್ತ ಹುಟುಗಳನ್ನೂ ನೆನೆಯಬೇಕಲ್ಲವೇ ಎಂಬ ಅರ್ಥದ ಮಾತಾಡಿದರು. ಅವರ ಮೇಲೆ ಬೇರೆ ಆರೋಪಗಳೂ ಸೇರಿದವು. 2013ರಲ್ಲಿ 15 ವರ್ಷ ಜೈಲಾಯಿತು. ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯ 2017ರಲ್ಲಿ ಅವರ ವಾಕ್ ಸ್ವಾತಂತ್ರ್ಯಕ್ಕೆ ಭಂಗವಾಗಿದೆ ಎಂದಿತು. ನರಮೇಧ ನಿಲ್ಲಿಸಿದವರೇ ಅಂದಿನಿಂದ ಅಧಿಕಾರದಲ್ಲಿದ್ದಾರೆ. ಅವರ ಸೇನೆ ಮಾಡಿದ ಕೊಲೆಗಳ ಬಗ್ಗೆ ಕೇಳುವವರಿಗೆ ಈ ಕಾನೂನಿನ ನೆರಳು ತಪ್ಪಿದ್ದಲ್ಲ.

ಕಾಂಬೋಡಿಯಾದ ಆತಂಕ ಈಗ ಅರ್ಥವಾಗುತ್ತದೆ. ಅಲ್ಲಿ ಇಂಥ ಮೊದಲ ಕಾನೂನು ಬಂದದ್ದು 2013ರ ಜೂನಿನಲ್ಲಿ, ಚುನಾವಣೆಗೆ ಕೆಲವೇ ವಾರ ಮೊದಲು. ಖ್ಮೇರ್ ರೂಜ್ ಜನರನ್ನು ಹಿಂಸಿಸಿ ಕೊಂದ ತುಒಲ್ ಸ್ಲೆಂಗ್ ಸೆರೆಮನೆಯ ಕತೆ ವಿಯೆಟ್ನಾಮಿನವರು ಕಟ್ಟಿದ್ದು ಎಂದು ವಿರೋಧ ಪಕ್ಷದ ನಾಯಕ ಕೆಮ್ ಸೋಖಾ ಹೇಳಿದರೆಂಬ ಧ್ವನಿಮುದ್ರಿಕೆ ಹರಿದಾಡಿತ್ತು. ಅವರು ಅದನ್ನು ಒಪ್ಪಲಿಲ್ಲ. ಕಾನೂನು ಮಾತ್ರ ದಿಢೀರನೆ ಬಂತು. 2025ರಲ್ಲಿ ಶಿಕ್ಷೆ ಇನ್ನೂ ಹೆಚ್ಚಾಯಿತು. ಇದನ್ನು ಬೇಕೆಂದವರು ದಶಕಗಳ ಕಾಲ ದೇಶದ ಪ್ರಧಾನಿಯಾಗಿದ್ದ ಹುನ್ ಸೇನ್. ಅವರೇ ಒಂದು ಕಾಲದಲ್ಲಿ ಖ್ಮೇರ್ ರೂಜ್ ಕಮಾಂಡರ್ ಆಗಿದ್ದು 1977ರಲ್ಲಿ ಓಡಿಹೋದವರು. ವಿಶ್ವಸಂಸ್ಥೆ ಬೆಂಬಲದ ನ್ಯಾಯಮಂಡಳಿ ಕೆಲವೇ ನಾಯಕರಿಗೆ ಶಿಕ್ಷೆ ಕೊಟ್ಟಾಗ, ಇನ್ನೂ ಹೆಚ್ಚು ಜನರ ವಿಚಾರಣೆ ಬೇಡ ಎಂದು ಬಹಿರಂಗವಾಗಿ ಹೇಳಿದವರೂ ಅವರೇ. ವಿಚಾರಣೆ ಅರ್ಧಕ್ಕೆ ನಿಂತಿದೆ, ಪ್ರಮುಖ ವಿರೋಧ ಪಕ್ಷವನ್ನು 2017ರಲ್ಲೇ ವಿಸರ್ಜಿಸಲಾಗಿದೆ. ಇಂಥ ಕಡೆ ಇತಿಹಾಸದ ‘ಸರಿ ಉತ್ತರ’ವನ್ನು ಬರೆಯುವವರು ಯಾರು ಎಂಬುದು ಗುಟ್ಟೇನಲ್ಲ.

ಶಿಕ್ಷೆಯಿಂದ ಸುಳ್ಳು ನಿಲ್ಲುತ್ತದೆಯೇ?

ದಿಕ್ಕು ಸರಿ ಇದ್ದಾಗಲೂ ಕಾನೂನಿನ ಬಲ ನಾವು ಅಂದುಕೊಂಡಷ್ಟಿಲ್ಲ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಬೋಸ್ನಿಯನ್ ಸರ್ಬ್ ಪಡೆಗಳು 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದವು. ಅದು ನರಮೇಧ ಎಂದು ಹೇಗ್‌ನ ಎರಡು ನ್ಯಾಯಾಲಯಗಳು ತೀರ್ಪು ಕೊಟ್ಟಿವೆ. ಹೀಗಿದ್ದೂ ಬೋಸ್ನಿಯನ್ ಸರ್ಬ್ ನಾಯಕರು ಒಪ್ಪಲಿಲ್ಲ. ಸಂಸತ್ತಿನಲ್ಲಿ ಕಾನೂನು ಪಾಸಾಗುವ ಹಾಗಿರಲಿಲ್ಲ. ಕೊನೆಗೆ ಅಲ್ಲಿನ ಶಾಂತಿ ಒಪ್ಪಂದದ ಜಾರಿ ನೋಡಿಕೊಳ್ಳುವ ಅಂತರರಾಷ್ಟ್ರೀಯ ಉನ್ನತ ಪ್ರತಿನಿಧಿ ವ್ಯಾಲೆಂಟಿನ್ ಇಂಜ್ಕೊ 2021ರ ಜುಲೈನಲ್ಲಿ ತಮ್ಮ ವಿಶೇಷ ಅಧಿಕಾರ ಬಳಸಿ ಅದನ್ನು ಹೇರಿದರು. ಸರ್ಬ್ ನಾಯಕರು ದೇಶದ ಸಂಸ್ಥೆಗಳನ್ನೇ ಬಹಿಷ್ಕರಿಸಿದರು. ದೂರುಗಳು ರಾಶಿ ಬಿದ್ದವು, ಮೊದಲ ಕೆಲವು ವರ್ಷ ಶಿಕ್ಷೆ ಮಾತ್ರ ಆಗಲಿಲ್ಲ. ಹೊರಗಿನವರು ಹೇರಿದ ಸತ್ಯ ಎಂಬ ದೂರಿಗೂ ದಾರಿಯಾಯಿತು. ಆದರೆ ಬದುಕುಳಿದ ತಾಯಂದಿರ ಕಡೆಯಿಂದ ನೋಡಿ. ತಮ್ಮ ಮಕ್ಕಳನ್ನು ಕೊಂದವರ ಚಿತ್ರವನ್ನು ಗೋಡೆ ಮೇಲೆ ಬರೆದಿರುವ ಊರಿನಲ್ಲಿ ಓಡಾಡಬೇಕಾದವರಿಗೆ, ಇದು ತಪ್ಪು ಎಂದು ಕಾನೂನು ಹೇಳುವುದಕ್ಕೇ ಬೆಲೆಯಿದೆ.

ಇನ್ನು ಇಂಟರ್ನೆಟ್. ಹೋಲೊಕಾಸ್ಟ್ ನಿರಾಕರಿಸುವ ಪೋಸ್ಟುಗಳನ್ನು ತೆಗೆಯಬೇಕಿಲ್ಲ ಎಂಬ ನಿಲುವಿನಲ್ಲಿದ್ದ ಫೇಸ್‌ಬುಕ್ 2020ರ ಅಕ್ಟೋಬರಿನಲ್ಲಿ ಮನಸ್ಸು ಬದಲಾಯಿಸಿ ನಿಷೇಧ ಹಾಕಿತು. ಒಂದು ಕಡೆ ತೆಗೆದರೆ ಅದು ಇನ್ನೊಂದು ಕಡೆ ಹೋಗಿ ಕೂರುತ್ತದೆ. 2022ರ ಯುನೆಸ್ಕೊ ವರದಿಯ ಪ್ರಕಾರ, ಟೆಲಿಗ್ರಾಂನಲ್ಲಿ ಹೋಲೊಕಾಸ್ಟ್ ಬಗ್ಗೆ ಬಂದ ಸಾರ್ವಜನಿಕ ಪೋಸ್ಟುಗಳಲ್ಲಿ ಹತ್ತಿರಹತ್ತಿರ ಅರ್ಧ ಅದನ್ನು ನಿರಾಕರಿಸುವ ಇಲ್ಲವೇ ತಿರುಚುವಂಥವು. ಒಂದು ದೇಶದ ಜೈಲು ಇದನ್ನು ತಡೆಯಲಾರದು.

ಇನ್ನು ಮುಂದಿನ ಜಗಳ

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1996ರಲ್ಲಿ, ಗ್ಯಾಸ್ ಕೋಣೆಗಳೇ ಇರಲಿಲ್ಲ ಎಂದ ಫ್ರಾನ್ಸಿನ ಪ್ರೊಫೆಸರ್ ರೊಬೆರ್ ಫೊರಿಸೋನ್‌ಗೆ ಆದ ಶಿಕ್ಷೆಯನ್ನು ಒಪ್ಪಿತ್ತು. ಅದೇ ಸಮಿತಿ 2011ರಲ್ಲಿ, ಇತಿಹಾಸದ ಸಂಗತಿಗಳ ಬಗ್ಗೆ ಅಭಿಪ್ರಾಯ ಹೇಳಿದ್ದಕ್ಕೇ ಶಿಕ್ಷಿಸುವ ಕಾನೂನು ಸಲ್ಲದು ಎಂದಿತು. ದೇಶಗಳು ಮಾತ್ರ ಕಾನೂನನ್ನು ಹಿಗ್ಗಿಸುತ್ತಲೇ ಇವೆ. 2022ರಲ್ಲಿ ಜರ್ಮನಿ ತನ್ನ 130ನೇ ಕಲಮಿಗೆ ಇನ್ನೊಂದು ಭಾಗ ಸೇರಿಸಿ, ಯಾವುದೇ ನರಮೇಧ ಅಥವಾ ಯುದ್ಧಾಪರಾಧವನ್ನು ದ್ವೇಷ ಕೆರಳಿಸುವಂತೆ ನಿರಾಕರಿಸುವುದನ್ನೂ ಅಪರಾಧ ಮಾಡಿತು. ಆ ಅಪರಾಧ ನಡೆದದ್ದು ನಿಜ ಎಂದು ಮೊದಲೇ ಯಾವುದಾದರೂ ನ್ಯಾಯಾಲಯ ತೀರ್ಪು ಕೊಟ್ಟಿರಬೇಕು ಎಂಬ ಷರತ್ತು ಅದರಲ್ಲಿಲ್ಲ. ಅಂದರೆ ಇನ್ನೂ ನಡೆಯುತ್ತಿರುವ ಯುದ್ಧದ ಘಟನೆಯ ಬಗ್ಗೆ ಕೆಳಹಂತದ ನ್ಯಾಯಾಧೀಶರೊಬ್ಬರು ಮೊದಲು ಸಂಗತಿಯನ್ನು ತೀರ್ಮಾನಿಸಿ, ಆಮೇಲೆ ಮಾತನ್ನು ತೂಗಬೇಕು. 1994ರ ತರ್ಕ ನಿಂತದ್ದೇ ‘ಸಾಬೀತಾದ ಸಂಗತಿ’ ಎಂಬ ನೆಲದ ಮೇಲೆ. ಇಲ್ಲಿ ಆ ನೆಲ ತೆಳುವಾಗಿದೆ ಎಂಬ ಟೀಕೆ ನನಗಂತೂ ಸರಿ ಅನಿಸುತ್ತದೆ.

ಕೆನಡಾದಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂದಿದೆ. ಮೂಲನಿವಾಸಿ ಮಕ್ಕಳನ್ನು ಕುಟುಂಬದಿಂದ ಬೇರೆ ಮಾಡಿ ಇಟ್ಟಿದ್ದ ವಸತಿ ಶಾಲೆಗಳಲ್ಲಿ ಸುಮಾರು 1.5 ಲಕ್ಷ ಮಕ್ಕಳಿದ್ದರು, ಸಾವಿರಾರು ಮಕ್ಕಳು ಸತ್ತರು. ಈ ದೌರ್ಜನ್ಯವನ್ನು ಅಲ್ಲಗಳೆಯುವುದನ್ನು ಅಪರಾಧ ಮಾಡಬೇಕೆಂದು 2024ರ ಸೆಪ್ಟೆಂಬರಿನಲ್ಲಿ ಸಂಸದೆ ಲಿಯಾ ಗಜಾನ್ ಮಸೂದೆ ತಂದರು. ಸಂಸತ್ತಿನ ಅವಧಿ ಮುಗಿದು ಅದು ಬಿದ್ದುಹೋಯಿತು. ಮಾಡಿದ ತಪ್ಪನ್ನು ಸರ್ಕಾರವೇ ಒಪ್ಪಿಕೊಳ್ಳುವ ಕಾನೂನು ಇದು, ದಿಕ್ಕು ಸರಿಯೇ. ಆದರೆ 2021ರಲ್ಲಿ ಕಾಮ್‌ಲೂಪ್ಸ್ ಶಾಲೆಯ ಬಳಿ ರೇಡಾರ್ ತೋರಿಸಿದ ಗುರುತುಗಳು ಸಮಾಧಿಗಳಿರಬಹುದು ಎಂಬುದರ ಸುಳಿವು ಮಾತ್ರ. ಎಷ್ಟು ಸಮಾಧಿ ಎಂದು ಕೇಳುವವನಲ್ಲಿ ಲೆಕ್ಕ ಬೇಕಾದವನೂ ಇರಬಹುದು, ಇಡೀ ಇತಿಹಾಸವನ್ನೇ ಸುಳ್ಳೆನ್ನಲು ಬಾಗಿಲು ಹುಡುಕುವವನೂ ಇರಬಹುದು. ಇಬ್ಬರ ಪ್ರಶ್ನೆಯೂ ಒಂದೇ ಪದಗಳಲ್ಲಿರುತ್ತದೆ.

ಇದರ ಮೇಲೆ ಈಗ ಯಂತ್ರವೂ ಮಾತಾಡತೊಡಗಿದೆ. 2025ರ ನವೆಂಬರಿನಲ್ಲಿ ಇಲಾನ್ ಮಸ್ಕ್ ಕಂಪನಿಯ ಗ್ರಾಕ್ ಚಾಟ್‌ಬಾಟ್, ನಾಜಿಗಳ ಆಶ್ವಿಟ್ಸ್ ಶಿಬಿರದ ಗ್ಯಾಸ್ ಕೋಣೆಗಳು ಇದ್ದದ್ದು ಟೈಫಸ್ ತಡೆಯುವ ಸೋಂಕು ನಿವಾರಣೆಗೆ ಎಂಬಂತೆ ಫ್ರೆಂಚ್‌ನಲ್ಲಿ ಬರೆಯಿತು. ನಿರಾಕರಿಸುವವರ ಹಳೆಯ ವಾದವೇ ಅದು. ಪ್ಯಾರಿಸ್‌ನ ಪ್ರಾಸಿಕ್ಯೂಟರ್ ಕಚೇರಿ ಅದನ್ನೂ, ಮಸ್ಕ್ ಅವರ ಎಕ್ಸ್ ಜಾಲತಾಣದ ಬಗ್ಗೆ ಆಗಲೇ ನಡೆಸುತ್ತಿದ್ದ ತನಿಖೆಗೆ ಸೇರಿಸಿಕೊಂಡಿತು. 1990ರಲ್ಲಿ ಗೇಸೊ ಕಾನೂನು ಬರೆದವರ ಕಣ್ಣೆದುರು ಇದ್ದದ್ದು ಫೊರಿಸೋನ್‌ನಂಥ ಮನುಷ್ಯ: ಹೆಸರಿತ್ತು, ಉದ್ದೇಶವಿತ್ತು, ಕಟಕಟೆಗೆ ತರಬಹುದಿತ್ತು. ಯಂತ್ರಕ್ಕೆ ದ್ವೇಷವಿಲ್ಲ. ಅದನ್ನು ಮಾಡಿದ ಕಂಪನಿ ‘ಆ ಸಾಲನ್ನು ನಾವು ಬರೆದಿಲ್ಲ’ ಎನ್ನಬಹುದು. ಪ್ರಶ್ನೆ ಕೇಳಿದವನು ‘ನಾನು ಕೇಳಿದ್ದಷ್ಟೇ’ ಎನ್ನಬಹುದು. ಪ್ಯಾರಿಸ್‌ನ ತನಿಖಾಧಿಕಾರಿಗಳು ಈಗ ಇವರಲ್ಲಿ ಒಬ್ಬರ ಹೆಸರಿನ ಮುಂದೆ ಆ ಮಾತನ್ನು ಬರೆಯಬೇಕು, ಇಲ್ಲವೇ ಫೈಲು ಮುಚ್ಚಬೇಕು.